ಝರೆಪ್ಪನ ಎರಡನೇ ಬ್ಯಾಟ್ರಿ

ವಾಡಿ ಸ್ಟೇಷನ್ನಿನ ಹಿಂದ, ಬೇವಿನ ಎಲಿ ಮ್ಯಾಲ
ಸಿಮೆಂಟಿನ ಧೂಳು ಸುಣ್ಣ ಬಳದಂಗ ಕುಂತ ಓಣ್ಯಾಗ
ನನ್ನ ಅಂಗಡಿ. ಬೋರ್ಡಿನ ಮ್ಯಾಲ ಇನ್ನಾ ಅಬ್ಬಾನ ಹೆಸರೇ ಅದ.
ಪರಸಿ ನೆಲಕ್ಕ ಬ್ಯಾಟ್ರಿ ಇಡಬ್ಯಾಡ,
ಕಲ್ಲು ಕರೆಂಟ್ ಕುಡೀತದ ಅಂತಿದ್ದ ಅಬ್ಬಾ.
ಸುಳ್ಳು ಅಂತ ಗೊತ್ತದ.
ಆದರೂ ಹಲಗಿ ಮ್ಯಾಲೇ ಇಡ್ತೀನಿ.

ಝರೆಪ್ಪ ಬಂದ, ರೈಲ್ವೆದ ಗಂಟು ಬಿಚ್ಚಿ
ಹಳೇ ಫೋರ್ ನಾಟ್ ಸೆವೆನ್ ತಗೊಂಡು.
ಗಾಡಿ ಬೆನ್ನಿಗಿ ತಗಡಿನ ಖೋಲಿ. ಒಳಗ ಮಂಚ,
ಒಂದು ಕಿಡಕಿ, ಕಿಡಕಿಗಿ ಹೂವಿನ ಪಡದಾ.
"ಮೂವತ್ತೆಂಟು ವರ್ಷ ಸಿಗ್ನಲ್ ಕೊಟ್ಟೀನಿ ತಾಹೇರಾ,
ಮದ್ರಾಸಿಗಿ ಹೋಗೋರಿಗಿ, ಮುಂಬಯಿಗಿ ಹೋಗೋರಿಗಿ.
ನಾ ಮಾತ್ರ ನಾಲವಾರ ದಾಟಿಲ್ಲ.
ಒಂದು ಫ್ಯಾನು, ಎರಡು ಲೈಟು. ಅಷ್ಟೇ ಬೇಕು."

"ಮಿಕ್ಸರ್" ಅಂದಳು ಕಸ್ತೂರಬಾಯಿ,
ಪಡದಾದ ಹಿಂದಿನಿಂದ.

ಒಂದೇ ಬ್ಯಾಟ್ರಿಗಿ ಎಲ್ಲಾ ಹಚ್ಚಿದ್ರ, ನಾ ಹೇಳಿದೆ,
ರಾತ್ರಿ ಫ್ಯಾನ್ ತಿರಗತದ, ಮುಂಜಾನಿ ಇಂಜಿನ್ ತಿರಗಂಗಿಲ್ಲ.
ಎರಡು ತಂದು ಸುಮ್ನ ಜೋಡಿಸಿದ್ರ
ಸೋತಿದ್ದು ಗಟ್ಟಿದ್ದರ ರಗತ ಹೀರತದ,
ಎರಡೂ ಕೂಡೇ ಮಲಗತಾವ.
ನಡುವ ಒಂದು ರಿಲೇ ಇರಬೇಕು.
ಇಂಜಿನ್ ಎದ್ದು, ಹದಿಮೂರು ಪಾಯಿಂಟ್ ಮೂರು ವೋಲ್ಟಿಗಿ ಏರಿದ ಮ್ಯಾಲ
ಟಕ್ ಅಂತ ಕೂಡಬೇಕು.
ಇಂಜಿನ್ ನಿಂತು ಜರಾ ಇಳದ ಮ್ಯಾಲ
ಟಕ್ ಅಂತ ಬಿಡಬೇಕು.
ನಿಮ್ಮ ನಿದ್ದಿಗಿ ಒಂದು, ಗಾಡಿ ಎಚ್ಚರಕ್ಕ ಒಂದು.

ಮುದುಕನ ಮಾರಿ ಒಮ್ಮೆಲೇ ಬೆಳಗಾತು.
"ಬ್ಲಾಕ್ ಸೆಕ್ಷನ್!" ಅಂದ. "ಒಂದು ಗಾಡಿ ಒಳಗಿದ್ದಾಗ
ಇನ್ನೊಂದಕ್ಕ ಲೈನ್ ಕೊಡಬಾರದು.
ನನಗ ಕಲಸ್ತೀ ಏನು?"

ಎರಡು ದಿನದ ಕೆಲಸ.
ಕಿರುಬೆರಳ ದಪ್ಪದ ತಾಮ್ರದ ವೈರು,
ಎರಡೂ ಬ್ಯಾಟ್ರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗ ಫ್ಯೂಜು.
ವೈರು ಎಲ್ಲರೆ ತಗಡಿಗಿ ತಿಕ್ಕಿ ಚರ್ಮ ಸುಲದ್ರ
ಮೊದಲು ಅದೇ ಸಾಯಲಿ, ನೀವಲ್ಲ.
ಮಂಚದ ಕೆಳಗಿನ ಬ್ಯಾಟ್ರಿಗಿ ಮುಚ್ಚಿದ ಪೆಟಗಿ,
ಪೆಟಗಿಗಿ ಹೊರಗ ಉಸಿರು ಬಿಡೋ ಕೊಳವಿ.
ನಮ್ಮ ಬ್ಯಾಸಿಗಿಗಿ ಆಸಿಡ್ಡಿನ ನೀರೂ ಹಾರತದ;
ಹದಿನೈದು ದಿನಕ್ಕೊಮ್ಮೆ ಮುಚ್ಚಳ ತಗದು ನೋಡ್ರಿ,
ಡಿಸ್ಟಿಲ್ಡ್ ನೀರೇ ಹಾಕ್ರಿ, ಕೊಡದ ನೀರು ಬ್ಯಾಡ.
ಟರ್ಮಿನಲ್ಲಿಗಿ ವ್ಯಾಸಲೀನ್ ಬಳದೆ.
ಬಿಚ್ಚೋವಾಗ ನೆಗೆಟಿವ್ ಮೊದಲು, ಕಟ್ಟೋವಾಗ ಕಡೀಕ.
ಮುದುಕ ಎಲ್ಲಾ ರಿಜಿಸ್ಟರಿನ್ಯಾಗ ಬರಕೊಂಡ,
ಟೈಮ್ ಹಾಕಿ, ಸಹಿ ಮಾಡಿ.
ನನ್ನ ಓಢಣಿಗಿ ಆಸಿಡ್ಡಿನ ಹೊಸಾ ತೂತು ಮೂರು.

ಮಿಕ್ಸರ್ ಇಂಜಿನ್ ನಡದಾಗಷ್ಟೇ, ಅಂದೆ ಪಡದಾಕ್ಕ.
ಪಡದಾ ಏನೂ ಅನ್ನಲಿಲ್ಲ.

ಹನ್ನೊಂದನೇ ದಿನ, ರಾತ್ರಿ ಎರಡಕ್ಕ ಫೋನು.
ಎಲ್ಲಿದ್ದೀರಿ? ಹೈದರಾಬಾದು? ಸೊಲ್ಲಾಪುರ?
"ಶಹಾಪುರದ ಗುಡ್ಡದ ಬುಡದಾಗ."
ಹನ್ನೊಂದು ದಿನಕ್ಕ ಶಹಾಪುರ!
"ಹಾದಿ ತುಂಬ ನೋಡೋದು ಭಾಳ ಅದ" ಅಂದ, ಜರಾ ನಾಚಿ.
"ಫ್ಯಾನ್ ನಿಂತದ. ಮೀಟರ್ ಹನ್ನೊಂದೂವರಿ ತೋರಸ್ತದ."

ಮಿಕ್ಸರ್ ಹಚ್ಚಿದ್ರೇನು?

ಸಪ್ಪಳಿಲ್ಲ. ಆಮ್ಯಾಲ ದೂರಿಂದ ಒಂದು ದನಿ:
"ಶೇಂಗಾ ಹಿಂಡಿ. ನಾಕ ದಿನಕ್ಕಾಗೋವಷ್ಟು."

ಮುಂದಿನ ಸೀಟಿಗಿ ಹೋಗ್ರಿ, ಅಂದೆ. ಚಾವಿ ತಿರವ್ರಿ.
ಒಂದೇ ಹೊಡತಕ್ಕ ಎದ್ದಿತು ಇಂಜಿನ್ನು,
ಫೋನಿನ್ಯಾಗ ನನ್ನ ಕಿವಿ ನಡಗೋ ಹಂಗ.
ಮುಂದಿನ ಬ್ಯಾಟ್ರಿಗಿ ಹಿಂದಿನ ಸಾವು ಗೊತ್ತೇ ಆಗಿಲ್ಲ.
ತಡೀರಿ, ಅಂದೆ. ಇನ್ನೊಂದು ಸಪ್ಪಳ ಬರಬೇಕು.
ಇಬ್ಬರೂ ಸುಮ್ನಾದೆವು.
ಇತ್ತ ವಾಡಿ ಯಾರ್ಡಿನ್ಯಾಗ ಒಂದು ಗೂಡ್ಸ್ ಗಾಡಿ
ಯಾರೋ ಕೊಡೋ ಸಿಗ್ನಲ್ಲಿಗಿ ಕಾದು ನಿಂತಿತ್ತು.

ಟಕ್.

"ಲೈನ್ ಕ್ಲಿಯರ್" ಅಂದ ಝರೆಪ್ಪ,
ಮೂವತ್ತೆಂಟು ವರ್ಷದ ಹಳೇ ದನಿಯಾಗ.

ಅವನ ಬೆನ್ನಿಗೇ ಆಕಿ: "ಈಗರೆ ಹಚ್ಚಲೇನು?
ಇನ್ನಾ ಅರ್ಧ ಉಳದದ."

ಹಚ್ಚವ್ವಾ ಹಚ್ಚು, ಅಂದೆ.
ನಡುರಾತ್ರಿ ಆ ಮಿಕ್ಸರಿನ ಅಬ್ಬರಕ್ಕ
ಶಹಾಪುರದ ಗುಡ್ಡದಾಗ ಮಲಗಿದ ಬುದ್ಧ
ಮಗ್ಗಲ ಬದಲಿಸಿರಬೇಕು.