ಕಾಲು ಸುತ್ತು

ಹದಿನೆಂಟು ದಿನಾರು.
ಹೂರಾದ ಹೋಟೆಲಿನಲ್ಲಿ ಬ್ಯಾಂಡು ನಿಂತುಹೋದ ವಾರ
ರೊಡೆಲ್ ಕೊಟ್ಟು ವಿಮಾನ ಹತ್ತಿದ.
ಚೀಲವಿರಲಿಲ್ಲ, ಬಾಸುಮತಿ ಅಕ್ಕಿಯ ಗೋಣಿ ಸುತ್ತಿದ್ದ.
ತಲೆಯ ಮೇಲಿದ್ದ ಕಂಪನಿಯ ಹೆಸರು ಸವೆದು
ಕೊನೆಯ ಅಕ್ಷರದ ಬಾಲವೊಂದೇ ಉಳಿದಿತ್ತು.
‘ಸ್ವಲ್ಪ ಝರ್ ಅನ್ನುತ್ತೆ, ಬ್ರದರ್’ ಅಂದಿದ್ದ.
ಸ್ವಲ್ಪ ಎಂಬುದು ಅವನ ಸೌಜನ್ಯ.

ದಪ್ಪ ತಂತಿ ಮೀಟಿದರೆ
ಬಾಟಲಿಯೊಳಗೆ ಸಿಕ್ಕ ಕಣಜ.

ಸಲ್ಮಾಬಾದಿನ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ
ಎಂಜಿನ್ನುಗಳ ಎದೆಗೆ ಕಿವಿ ಕೊಟ್ಟವನು ನಾನು.
ಪ್ರತಿ ಸದ್ದಿಗೂ ಒಂದು ಜಾಗವಿದೆ,
ಜಾಗ ಸಿಗುವ ತನಕ ಸ್ಕ್ರೂ ಮುಟ್ಟಬಾರದು.
ಸಂಗೀತ ಗೊತ್ತಿಲ್ಲ. ಇದು ಗೊತ್ತು.

ಶುಕ್ರವಾರ. ಹೊರಗೆ ಆಗಸ್ಟು, ಗೋಡೆಗೂ ಬೆವರು.
ಒಳಗೆ ಕಿಟಕಿಯ ಏಸಿ
ಹಗಲಿರುಳು ಮರವನ್ನು ಹಪ್ಪಳದಂತೆ ಒಣಗಿಸಿ
ಕೊರಳನ್ನು ಹಿಂದಕ್ಕೆ ಬಗ್ಗಿಸಿತ್ತು.
ಮೊದಲ ಮೆಟ್ಟಿಗೆ ಕೇಬಲ್ ಟೈ ಬಿಗಿದು,
ಕೊನೆಯದನ್ನು ಮೊಣಕೈಯಲ್ಲಿ ಅದುಮಿ,
ಏಳರ ಮೇಲೆ ತಂತಿಯಡಿಗೆ
ಸ್ಪಾರ್ಕ್ ಪ್ಲಗ್ಗಿನ ಸಂದು ಅಳೆಯುವ ಎಲೆ ತೂರಿಸಿದೆ.
ಹೋಗಲಿಲ್ಲ.
ಎಲ್ಲಕ್ಕಿಂತ ತೆಳ್ಳನೆಯದೂ ಹೋಗಲಿಲ್ಲ.
ಉಸಿರಾಡಲು ಜಾಗವೇ ಇಲ್ಲದೆ
ಮರಕ್ಕೆ ಅಂಟಿ ಮಲಗಿತ್ತು ತಂತಿ,
ನಮ್ಮ ಕೋಣೆಯ ನಾಲ್ಕು ಮಂಚದ ಹಾಗೆ.

ಅಲೆನ್ ಕೀ. ಎಡಕ್ಕೆ ಕಾಲು ಸುತ್ತು.
ಅಷ್ಟೇ. ಚಕ್ರದ ಬೋಲ್ಟಿಗೆ ಹಾಕುವ ಬಲ
ಈ ಕೈ ಮರೆಯಬೇಕು.
ಮತ್ತೆ ಶ್ರುತಿ. ಮತ್ತೆ ಕಾಯುವುದು.
ಮರಕ್ಕೆ ಸುದ್ದಿ ತಲುಪಲು ಹೊತ್ತು ಹಿಡಿಯುತ್ತದೆ.
ಎರಡು ಲೋಟ ಸುಲೈಮಾನಿ ಮುಗಿಯಿತು.

ಆಮೇಲೆ ಕುದುರೆಗಳು:
ತಂತಿಗೊಂದರಂತೆ ನಾಲ್ಕು, ತುಕ್ಕು ಹಿಡಿದ ಕಾಲಿನವು.
ಒಂದೊಂದನ್ನೂ ಕೂದಲೆಳೆಯಷ್ಟು ಎಬ್ಬಿಸಿದೆ.
ಕೆಳಗಿನ ಮನೆಗಳ ಝರ್ ಹೋಯಿತು,
ಹದಿಮೂರನೆಯದು ಮಾತ್ರ ಹಟಮಾರಿ.
ಜೇಬಿನಿಂದ ಸಿಪಿಆರ್ ಕಾರ್ಡು ತೆಗೆದು
ಅದರ ಗಿಡ್ಡ ಅಂಚನ್ನು ಮೂರು ಮೆಟ್ಟುಗಳ ಮೇಲೆ ನಿಲ್ಲಿಸಿದೆ.
ಟಕ್ ಟಕ್.
ನನ್ನ ಹೆಸರು, ನನ್ನ ಬೆದರಿದ ಫೋಟೋ, ಮುಗಿಯುವ ತಾರೀಖು
ಹದಿನಾಲ್ಕನೆಯ ಮೆಟ್ಟಿನ ನೆತ್ತಿಯ ಮೇಲೆ ತೊಟ್ಟಿಲಾಡಿದವು.
ತಪ್ಪು ಅದರದ್ದು; ತಲೆಯೆತ್ತಿದ್ದು ಅದು,
ನರಳುತ್ತಿದ್ದುದು ಪಕ್ಕದ್ದು.
ತುಂಡು ಹಲಗೆ, ಮೇಲೊಂದು ಟವೆಲು,
ಸುತ್ತಿಗೆಯ ಎರಡು ಮೆತ್ತನೆಯ ಮಾತು.
ಮೆತ್ತಗೆ ಯಾಕೆಂದರೆ ಮೊಯ್ದಿನಬ್ಬ ಮಲಗಿದ್ದ.
ಇರುಳಿಡೀ ಮುಹರಕ್ಕಿನಲ್ಲಿ ಖುಬ್ಬೂಸ್ ಬೇಯಿಸಿ
ಹಿಟ್ಟು ಮೆತ್ತಿದ ರೆಪ್ಪೆಯಲ್ಲೇ ಬಿದ್ದುಕೊಂಡಿದ್ದ.

ನೆನಪಾಯಿತು:
ದೊಡ್ಡಪ್ಪ ಹರಿಕಥೆಯ ದಾಸರ ಹಿಂದೆ ತಂಬೂರಿ ಹಿಡಿದವರು.
ತಂತಿಗೂ ಕುದುರೆಗೂ ನಡುವೆ
ಪಂಚೆಯ ಅಂಚಿನಿಂದ ಕಿತ್ತ ನೂಲೆಳೆ ಸಿಕ್ಕಿಸಿ
ಸರಿಸಿ ಸರಿಸಿ ಝೇಂಕಾರ ಬರಿಸುತ್ತಿದ್ದರು.
ಅದಕ್ಕೆ ಜೀವಾಳ ಅನ್ನುತ್ತಿದ್ದರು.
ಅವರು ಅಷ್ಟು ಕಷ್ಟಪಟ್ಟು ಕರೆದುಕೊಂಡಿದ್ದನ್ನು
ನಾನಿಲ್ಲಿ ಸ್ಕ್ರೂಡ್ರೈವರ್ ಹಿಡಿದು ಓಡಿಸುತ್ತಿದ್ದೇನೆ.
ನಕ್ಕರೆ ನಗಲಿ ದೊಡ್ಡಪ್ಪ.

ಅಸ್ರಿನ ಬಾಂಗು ಮುಗಿಯುವ ಹೊತ್ತಿಗೆ
ಎಲ್ಲ ಮೆಟ್ಟೂ ಮಾತಾಡಿತು, ಒಂದನ್ನು ಬಿಟ್ಟು.
ಮೂರನೆಯ ತಂತಿ, ಐದನೆಯ ಮೆಟ್ಟು: ಝರ್.
ಕಾರ್ಡು ಇಟ್ಟೆ, ಎಲೆ ತೂರಿಸಿದೆ, ಕುದುರೆ ಏರಿಸಿದೆ. ಝರ್.
ಬೈದೆ.

‘ಅದು ಗಿಟಾರಲ್ಲ ಮಾರಾಯ’
ಕಂಬಳಿಯೊಳಗಿಂದ ದನಿ ಬಂತು, ‘ನನ್ನ ಡಬ್ಬಿ.’
ಮಂಚದಡಿ ಬಿಸ್ಕತ್ತಿನ ತಗಡು ಡಬ್ಬಿ.
ಒಳಗೆ ಅಂಗಿಯ ಗುಂಡಿ, ಸೂಜಿ, ಒಂದಿಷ್ಟು ಫಿಲ್ಸು,
ಆ ಸ್ವರ ಕೇಳಿದಾಗಲೆಲ್ಲ ಎದ್ದು ಕುಣಿಯುತ್ತಿದ್ದವು.

ಕಣ್ಣು ತೆರೆಯದೆ ಮೊಯ್ದಿನಬ್ಬ
ಮಂಚದಿಂದ ಒಂದು ಕಾಲು ಇಳಿಬಿಟ್ಟ,
ಡಬ್ಬಿಯ ಮೇಲೆ ಹಿಮ್ಮಡಿ ಊರಿದ.
‘ಈಗ ಹೊಡಿ.’

ಹೊಡೆದೆ. ಸ್ವರ
ಆಂಪ್ಲಿಫೈಯರ್ ಇಲ್ಲದೆಯೇ ನನ್ನ ಪಕ್ಕೆಲುಬಿಗೆ ಇಳಿಯಿತು,
ಹೊಸ ಆಯಿಲ್ ಕುಡಿದ ಎಂಜಿನ್ನಿನಂತೆ, ದುಂಡಗೆ.
ಹಾಡು ಬರುವುದಿಲ್ಲ ನನಗೆ.
ಅದೊಂದನ್ನೇ ಮೀಟುತ್ತ ಕೂತೆ,
ಅವನಿಗೆ ಮತ್ತೆ ನಿದ್ದೆ ಹತ್ತಿ,
ಕಾಲು ಮೆಲ್ಲಗೆ ಜಾರಿ,
ಡಬ್ಬಿ ತನ್ನ ಪಾಡಿಗೆ ಸೇರಿಕೊಳ್ಳುವವರೆಗೆ.