ಚೀಲದ್ದು ಒಂದು ಕಳೆ

ಗೋಣಿಕೊಪ್ಪದ ಮಂಡಿಯಲ್ಲಿ ಹತ್ತೊಂಬತ್ತು ವರ್ಷದಿಂದ
ತೂಕ ಬರೆಯುವವಳು ನಾನು.
ಮೊಯ್ದು ಚೀಲ ಎತ್ತಿಡುತ್ತಾನೆ,
ಕೆಂಪು ಅಂಕಿ ನಡುಗಿ ನಿಲ್ಲುತ್ತದೆ,
ಬರೆಯುತ್ತೇನೆ: ಐವತ್ತೊಂದು, ಚೀಲದ್ದು ಒಂದು ಕಳೆ.
ಹಿಡಿ ಚೆರಿ ಕುಟ್ಟಿ, ಊದಿ, ಸಿಪ್ಪೆ ಹಾರಿಸಿ
ಔಟ್‌ಟರ್ನ್ ಹೇಳುತ್ತೇನೆ: ಇಪ್ಪತ್ತಾರೂವರೆ.
ಇಪ್ಪತ್ತೆಂಟಾದರೂ ಇಲ್ಲವಾ ಎಂದು ಜಗಳವಾಡಿ
ಕೊನೆಗೆ ನನ್ನ ಮಾತನ್ನೇ ಒಪ್ಪುತ್ತಾರೆ.

ಸಂಜೆ ಎಲ್ಲರೂ ಹೋದ ಮೇಲೆ, ಶಟರ್ ಅರ್ಧ ಇಳಿಸಿ,
ಚಪ್ಪಲಿ ಬಿಟ್ಟು ಅದೇ ತಕ್ಕಡಿ ಹತ್ತಿದೆ.
ನೂರಾ ಹದಿನಾಲ್ಕು.
ಇದರಲ್ಲಿ ಚೀಲ ಎಷ್ಟು, ಬೀಜ ಎಷ್ಟು,
ಹೇಳುವವರಿಲ್ಲ.

ಏಳು ವರ್ಷದ ಹಿಂದೆ ಮೈಸೂರಿನಲ್ಲಿ ನನ್ನ ಹೊಟ್ಟೆಯನ್ನು
ಬಾಳೆಹಣ್ಣಿನಷ್ಟು ಉಳಿಸಿ ಮಿಕ್ಕದ್ದು ಕತ್ತರಿಸಿದರು.
ಯಾವ ಬಾಳೆ ಎಂದು ಕೇಳುವುದು ಮರೆತೆ;
ನೇಂದ್ರಕ್ಕೂ ಪುಟ್ಟಬಾಳೆಗೂ ವ್ಯತ್ಯಾಸವಿದೆ.
ಮೂವತ್ತೊಂಬತ್ತು ಕಿಲೋ ಇಳಿದೆ.
ಉಂಗುರ ಸ್ನಾನದ ನೀರಲ್ಲಿ ಜಾರಿ ಹೋಯಿತು. ಕೂದಲೂ.
ವಿರಾಜಪೇಟೆಯ ಮದುವೆಯಲ್ಲಿ ಯಾರೋ ಹೆಂಗಸು
ನನ್ನನ್ನು ತಂಗಿಯೆಂದು ತಿಳಿದು ನನ್ನನ್ನೇ ವಿಚಾರಿಸಿದಳು:
‘ದೇಚಮ್ಮ ಈಗಲೂ ಹಾಗೇ ಇದ್ದಾಳಾ?’
ಇಲ್ಲ ಎಂದೆ.
ಅದು ಸುಳ್ಳಾಗಲು ನಾಲ್ಕು ವರ್ಷ ಹಿಡಿಯಿತು.

ಟೈಲರ್ ಹಂಸ ಮಾತ್ರ ನನ್ನ ಬ್ಲೌಸು ಚಿಕ್ಕದು ಮಾಡುವಾಗ
ಬಟ್ಟೆ ಕತ್ತರಿಸಲಿಲ್ಲ; ಮೂರು ಇಂಚು ಒಳಗೆ ಮಡಚಿ ಹೊಲಿದ.
ಆಗ ಸಿಟ್ಟು ಬಂದಿತ್ತು.
ಕಳೆದ ಕೈಲ್‌ಪೊಳ್ದಿಗೆ ಆ ಹೊಲಿಗೆ ನಾನೇ ಬಿಚ್ಚಿದೆ, ಬ್ಲೇಡಿನಲ್ಲಿ.
ಮಡಿಕೆಯೊಳಗಿನ ಬಟ್ಟೆ ಬಣ್ಣ ಮಾಸಿರಲಿಲ್ಲ.

‘ಫೇಲ್ ಆಗಿದೆ’ ಎಂದರು ಹೊಸ ಡಾಕ್ಟರು, ಕಡತ ನೋಡುತ್ತ.
ಆ ವಾಕ್ಯಕ್ಕೆ ಕರ್ತೃ ಇರಲಿಲ್ಲ.
ಆಪರೇಶನ್ನೋ, ಹೊಟ್ಟೆಯೋ, ನಾನೋ?
ಗಣಿತಕ್ಕೆ ಎರಡನೇ ಸಲ ಕೂತವಳು ನಾನು;
ಸಪ್ಲಿಮೆಂಟರಿ ಬೆಂಚಿನಲ್ಲಿ
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಏನು ತಿನ್ನುತ್ತಿದ್ದಿರಿ ಎಂದರು. ಹೇಳಿದೆ.
ಅತ್ತೆ ಸತ್ತ ವರ್ಷ, ಅಡುಗೆಮನೆಯ ದೀಪ ಹಾಕದೆ,
ತಣ್ಣಗಾದ ಕಡಂಬುಟ್ಟು,
ಗಂಟೆಗೊಂದು.
ಸಮಯ ಕೊಟ್ಟರೆ ಬಾಳೆಹಣ್ಣೂ ಹಿಗ್ಗುತ್ತದೆ.
ಈಗ ಮಲಗಿದರೆ ಗಂಟಲಿಗೆ ಕಾಚಂಪುಳಿಯಂಥ ಹುಳಿ;
ನಾಲ್ಕು ದಿಂಬಿಗೆ ಒರಗಿ ಕೂತೇ ನಿದ್ದೆ,
ರಾತ್ರಿ ಬಸ್ಸಿನವಳ ಹಾಗೆ, ಯಾವ ಊರೂ ಬಾರದೆ.

ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು: ಈ ಸಲ ಬೈಪಾಸ್.
ನಮಗೆ ಗೊತ್ತಿರುವುದು ಹುಣಸೂರಿನದು.
ಊರು ಅಲ್ಲೇ ಇರುತ್ತದೆ, ಬಸ್ಸು ಒಳಗೆ ಹೋಗುವುದಿಲ್ಲ.
ಊರಿಗೆ ಅದು ಗೊತ್ತಾಗುತ್ತದಾ ಎಂದು ಕೇಳಿದೆ.
ಅವರು ನಕ್ಕರು, ಉತ್ತರ ಕೊಡಲಿಲ್ಲ.
ಆನೆಚೌಕೂರು ಗೇಟಿನಲ್ಲಿ ಬಸ್ಸು ನಿಂತಾಗ
ಕಾಗದ ತೆಗೆದು ಮತ್ತೆ ಓದಿದೆ.
ಆರನೇ ಸಾಲಿನಲ್ಲಿ ಸಾವು ಇತ್ತು, ಸಣ್ಣ ಅಕ್ಷರದಲ್ಲಿ.

ತೆಳ್ಳಗಾಗಲು ಅಲ್ಲ, ಅಡ್ಡ ಮಲಗಬೇಕು, ಅಷ್ಟೆ
ಎಂದು ನಾದಿನಿಗೆ ಹೇಳಿದೆ.
ಅದೂ ಪೂರ್ತಿ ನಿಜವಲ್ಲ.

ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕೋವಿ ಹಾರಿತು.
ಮೊದಲ ಕದಿರು ಕೊಯ್ದಾಗ ಎಲ್ಲರೂ ಕೂಗಿದರು:
ಪೊಲಿ ಪೊಲಿ ದೇವಾ!
ಹೆಚ್ಚಲಿ, ಹೆಚ್ಚಲಿ.
ದೀಪದ ತಟ್ಟೆ ಹಿಡಿದ ನಾನೂ ಕೂಗಿದೆ,
ಎಲ್ಲರಿಗಿಂತ ಜೋರಾಗಿ, ನಗು ತಡೆಯಲಾರದೆ.
ಮಂದಣ್ಣ ತಿರುಗಿ ನೋಡಿದ. ಅವನಿಗೂ ನಗು ಬಂತು.
ಆ ನಗುವಿನಲ್ಲೇ ಹೇಳಿಬಿಟ್ಟೆ: ಜನವರಿ ಎಂಟು.
ಅವನು ಮೆಣಸಿನ ರೇಟು ಲೆಕ್ಕ ಹಾಕುತ್ತ
ಮನೆವರೆಗೂ ಸುಮ್ಮನೆ ನಡೆದ.
ಹೊಸ ಅಕ್ಕಿಯ ಪಾಯಸ ಎರಡು ಚಮಚ ತಿಂದೆ. ಮೂರು.

ಸೀಸನ್ನಿನಲ್ಲಿ ರಜೆಯಾ ಎಂದರು ಸಾಹುಕಾರರು.
ಮೊಯ್ದುವಿನ ಮಗಳು ರಸಿಯಾಗೆ ಈಗ ಕಲಿಸುತ್ತಿದ್ದೇನೆ.
ಅಂಕಿ ನಿಲ್ಲುವ ಮೊದಲೇ ಬರೆಯುತ್ತಾಳೆ, ಅವಸರ.
ತಡಿ, ನಡುಗಲಿ, ನಿಲ್ಲಲಿ ಎನ್ನುತ್ತೇನೆ.
ಆಮೇಲೆ ಚೀಲದ್ದು ಕಳೆ.
ಮರೆಯಬೇಡ.