ಏಳು ಮೊಳ

ಮುಹರ್ರಕ್‌ನ ಓಣಿಯೊಳಗೆ ಹಳೇ ಮನೆ ಅಳೆಯಲು ಹೋದೆವು.
ಹವಳಗಲ್ಲಿನ ಗೋಡೆ ಇನ್ನೂ ಉಪ್ಪು ಬೆವರುತ್ತಿತ್ತು.
ಲೇಸರಿನ ಕೆಂಪು ಚುಕ್ಕೆ ಹೇಳಿತು:
ಮೂರು ಮೀಟರ್ ಹದಿನೈದು.
ಪಕ್ಕದ ಕೋಣೆಯೂ ಅಷ್ಟೇ ಅಗಲ. ಅದರಾಚೆಯದೂ.

ಯಾಕೆ ಹೀಗೆ, ಕೇಳಿದೆ.
ಮೇಸ್ತ್ರಿ ಫರಜ್ ಸೂರಿನ ಗಳಗಳತ್ತ ಗದ್ದವೆತ್ತಿದ.
ಅರ್ಧ ಅರಬ್ಬಿ, ಅರ್ಧ ಹಿಂದಿ:
ಆಫ್ರಿಕಾದಿಂದ ಹಡಗಲ್ಲಿ ಬಂದ ಮರ, ಬೇಟಿ,
ಇದಕ್ಕಿಂತ ಉದ್ದ ಸಿಕ್ಕುತ್ತಿರಲಿಲ್ಲ.
ಮುತ್ತಿನ ಸಾಹುಕಾರನೂ
ಮರ ಬಿಟ್ಟಷ್ಟೇ ಜಾಗದಲ್ಲಿ ಮಲಗಿದ.

ಮುಟ್ಟಿದೆ. ಕಾಂಡ್ಲಾ!
ನಮ್ಮ ಅಘನಾಶಿನಿಯ ಕೆಸರಲ್ಲೂ ಇದೆ,
ಸೌದೆಗೆ, ಬೇಲಿಗೆ. ಮನೆಯ ಅಗಲ ಹೇಳೀತೆಂದು
ಯಾರಿಗೆ ಗೊತ್ತಿತ್ತು.
ಗೋಡೆಗುಂಟ ಮೊಳ ಹಾಕಿದೆ: ಏಳು.
ಅವನೂ ಹಾಕಿದ. ಆರೂಮುಕ್ಕಾಲು.
ನಿನ್ನ ಕೈ ಗಿಡ್ಡ ಎಂದು ನಕ್ಕ.

ಆಫೀಸಿನಲ್ಲಿ ಹೊಸ ಮಾಲಿನ ಕೆಲಸ ಕಾದಿತ್ತು.
ನೋಡಿದರೆ ನಮ್ಮ ನಾಡು ಅನ್ನಿಸಬೇಕಂತೆ.
ಅಂದರೆ ನಾಲ್ಕು ಗಾಳಿಗೋಪುರ, ಫೈಬರಿನವು,
ಒಳಗೆ ಏಸಿಯ ಯಂತ್ರ ಅಡಗಿಸಿ.
ಎಳೆದೆ. ಸಂಬಳ ಬರುವುದು ಗೆರೆಗೇ.
ಗಾಳಿ ಇಳಿಯಬೇಕಾದ ಕಿಂಡಿಯಿಂದ
ಬಿಸಿಯುಸಿರು ಹೊರಟು
ಬಸ್ಸಿಗೆ ಕಾಯುವವರ ಮುಖಕ್ಕೆ.

ನಕ್ಷೆಯ ಹಿಂಬದಿಗೆ ವಾಚ್‌ಮನ್ ಕೋಣೆ.
ಅದಕ್ಕೆ ಯಾರೂ ಅಳತೆ ಕೊಟ್ಟಿರಲಿಲ್ಲ.
ಮೂರು ಹದಿನೈದು ಎಂದು ಬರೆದೆ.
ಕಾಂಕ್ರೀಟಿಗೆ ಅಂಥ ಹಟವಿಲ್ಲ, ಎಷ್ಟೆಂದರೂ ಚಾಚುತ್ತದೆ.
ಸಹಿಗಳು ಬಿದ್ದವು, ಒಂದು, ಎರಡು, ಐದು.
ಯಾರಾದರೂ ಕೇಳಲಿ ಎಂದು
ಮರದ ಹೆಸರು ನಾಲಗೆಯ ಮೇಲಿಟ್ಟುಕೊಂಡೇ ಕೂತಿದ್ದೆ.